ಆರೋಗ್ಯ ಇಲಾಖೆಯ ಜಾಲತಾಣ ವಿಕಲಚೇತನರಿಗೂ ತೆರೆದುಕೊಳ್ಳಬೇಕಾದರೆ

ಸರ್ಕಾರಿ ಆಸ್ಪತ್ರೆಯ ಕೆಲಸಗಳು ಒಂದೊಂದಾಗಿ ಮೊಬೈಲ್ ಪರದೆಗೆ ಬಂದು ಕೂತಿವೆ. ಹೊರರೋಗಿ ಚೀಟಿ, ಆಭಾ ಎಂಬ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ, ಲಸಿಕೆಯ ದಿನ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿನ ಅರ್ಜಿ ಮುಂತಾದವುಗಳನ್ನು ಈಗ ಜಾಲತಾಣದ ಮೂಲಕವೇ ಶುರುಮಾಡಬಹುದು. ಬೆಳಗಾವಿಯಂಥ ದೊಡ್ಡ ಜಿಲ್ಲೆಗೆ ಇದು ಅನುಕೂಲವೇ, ಏಕೆಂದರೆ ಅಥಣಿಯಿಂದ ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆದರೆ ಅಂಗವೈಕಲ್ಯ ಪ್ರಮಾಣಪತ್ರ ನೀಡುವ ವೈದ್ಯರ ತಂಡ ಯಾವ ವಾರ ಕೂರುತ್ತದೆ ಎಂಬ ಒಂದು ಸಾಲಿನ ಸೂಚನೆಯನ್ನು ಓದಲಾಗದೆ ಹೋದರೆ, ಕಣ್ಣು ಕಾಣದ ವ್ಯಕ್ತಿ ಮತ್ತು ಅವರನ್ನು ಕರೆತಂದವರು ಇಬ್ಬರೂ ಒಂದು ದಿನದ ದುಡಿಮೆ ಕಳೆದುಕೊಂಡು ಬರಿಗೈಲಿ ಊರಿಗೆ ಮರಳಬೇಕಾಗುತ್ತದೆ.

ಈ ವಿಷಯ ಈಗ ಕೇವಲ ಅನುಕೂಲದ ಪ್ರಶ್ನೆಯಾಗಿ ಉಳಿದಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೇ ಆಗಿದೆ ಎಂದು ಹೇಳಿತು. ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿದೋಷವುಳ್ಳ ಒಬ್ಬರು ಸಲ್ಲಿಸಿದ್ದ ಅರ್ಜಿಗಳ ಮೇಲೆ ಈ ತೀರ್ಪು ಬಂದಿತು. ಗುರುತು ಪರಿಶೀಲನೆಗೆ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎಂದು ಆ್ಯಪ್ ಕೇಳಿದರೆ, ರೆಪ್ಪೆಯೇ ಸುಟ್ಟುಹೋಗಿರುವವರು ಏನು ಮಾಡಬೇಕು ಎಂಬುದು ಅಲ್ಲಿ ಎದ್ದಿದ್ದ ಪ್ರಶ್ನೆ. ನ್ಯಾಯಾಲಯ 20 ನಿರ್ದೇಶನಗಳನ್ನು ನೀಡಿತು.

ಸುಗಮ್ಯತೆ ಎಂದರೇನು

ಒಂದು ಜಾಲತಾಣದಲ್ಲಿರುವ ಮಾಹಿತಿಯನ್ನು ಕಣ್ಣು, ಕಿವಿ, ಕೈ ಅಥವಾ ಗ್ರಹಿಕೆಯ ತೊಂದರೆ ಇರುವವರು ಇನ್ನೊಬ್ಬರ ನೆರವಿಲ್ಲದೆ ತಾವೇ ತಿಳಿದುಕೊಂಡು, ತಮ್ಮ ಕೆಲಸವನ್ನು ತಾವೇ ಮುಗಿಸುವಂತೆ ಅದನ್ನು ರೂಪಿಸುವುದಕ್ಕೆ ಸುಗಮ್ಯತೆ ಎನ್ನುತ್ತಾರೆ. ಇದರಲ್ಲಿ ‘ಇನ್ನೊಬ್ಬರ ನೆರವಿಲ್ಲದೆ’ ಎಂಬುದೇ ಮುಖ್ಯ. ಮನೆಯಲ್ಲಿ ಓದಿ ಹೇಳುವವರು ಇದ್ದಾರಲ್ಲ, ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರಲ್ಲ ಎಂದು ಹಲವರು ಕೇಳುತ್ತಾರೆ. ಆರೋಗ್ಯದ ಮಾಹಿತಿಯ ಮಟ್ಟಿಗೆ ಆ ಉತ್ತರ ಸಾಲದು. ಗರ್ಭಧಾರಣೆ, ಎಚ್‌ಐವಿ, ಕ್ಷಯ, ಮಾನಸಿಕ ಅಸ್ವಸ್ಥತೆ ಇಂಥ ವಿಷಯಗಳ ವರದಿಯನ್ನು ಮೈದುನನ ಕೈಯಲ್ಲೋ ಪಕ್ಕದ ಮನೆಯ ಹುಡುಗನ ಕೈಯಲ್ಲೋ ಓದಿಸಿಕೊಳ್ಳಬೇಕಾದ ಹೆಣ್ಣುಮಗಳಿಗೆ ಗುಟ್ಟು ಎಂಬುದೇ ಉಳಿಯುವುದಿಲ್ಲ.

ಇಂಥವರು ಎಷ್ಟು ಜನ? 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ಲೆಕ್ಕ ಹಾಕಿತ್ತು. ಅದಾದ ಮೇಲೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಹಿಂದೆ 7 ಇದ್ದ ಅಂಗವೈಕಲ್ಯದ ಬಗೆಗಳನ್ನು 21ಕ್ಕೆ ಏರಿಸಿ ಪಾರ್ಕಿನ್ಸನ್ ಕಾಯಿಲೆ, ಆಸಿಡ್ ದಾಳಿಯಿಂದಾದ ಹಾನಿ, ಕಲಿಕೆಯ ತೊಂದರೆ ಮೊದಲಾದವನ್ನೂ ಸೇರಿಸಿಕೊಂಡಿತು. ಮೋತಿಬಿಂದು ಬೆಳೆದ ಅಜ್ಜಿ, ಕೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡವರು, ಸುಡುಬಿಸಿಲಿನಲ್ಲಿ ಫೋನ್ ಹಿಡಿದು ನಿಂತ ಆಶಾ ಕಾರ್ಯಕರ್ತೆ ಯಾವ ಪಟ್ಟಿಯಲ್ಲೂ ಇಲ್ಲದಿದ್ದರೂ ಅವರಿಗೂ ಇದೇ ಏರ್ಪಾಡುಗಳು ಬೇಕಾಗುತ್ತವೆ.

ಪರದೆಯನ್ನು ಕಿವಿಯಿಂದ ಓದುವುದು

ಕಣ್ಣು ಕಾಣದವರು ಫೋನ್ ಮತ್ತು ಕಂಪ್ಯೂಟರನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಮೂಲಕ ಬಳಸುತ್ತಾರೆ. ಪರದೆಯ ಮೇಲಿರುವುದನ್ನು ಅದು ದನಿಯಲ್ಲಿ ಹೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತವೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಸಿಗುತ್ತದೆ, ಅದು ಕನ್ನಡವನ್ನೂ ಓದುತ್ತದೆ.

ಆದರೆ ಸ್ಕ್ರೀನ್ ರೀಡರ್‌ಗೆ ಕಣ್ಣಿಲ್ಲ. ಪುಟವನ್ನು ಕಟ್ಟಿದವರು ಅದರ ಹಿಂದೆ ಬರೆದಿಟ್ಟ ಸಂಕೇತವನ್ನಷ್ಟೇ (ಕೋಡ್) ಅದು ಓದಬಲ್ಲದು. ಶೀರ್ಷಿಕೆಯನ್ನು ಶೀರ್ಷಿಕೆ ಎಂದೇ ಗುರುತು ಮಾಡಿದ್ದರೆ, ಎನ್‌ವಿಡಿಎ ಬಳಸುವವರು ಕೀಲಿಮಣೆಯ ‘ಎಚ್’ ಒತ್ತಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ. ಹಾಗೆ ಗುರುತು ಮಾಡದೆ, ಅಕ್ಷರವನ್ನು ದಪ್ಪ ಮಾಡಿ ಬಣ್ಣ ಹಚ್ಚಿಬಿಟ್ಟರೆ ಕಣ್ಣಿಗೆ ಅದು ಶೀರ್ಷಿಕೆಯಂತೆ ಕಂಡರೂ ತಂತ್ರಾಂಶಕ್ಕೆ ಅದೂ ಒಂದು ಸಾಲು ಅಷ್ಟೇ. ವಿಜಯಪುರದ ಕೇಂದ್ರ ಬಸ್ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮುಗಳ ಮೇಲಿನ ಊರಿನ ಫಲಕಗಳನ್ನೆಲ್ಲ ಕಿತ್ತುಹಾಕಿದರೆ ಇಂಡಿಗೆ ಹೋಗುವವರು ಪ್ರತಿ ಬಸ್ಸಿನ ಕಂಡಕ್ಟರನ್ನು ಕೇಳುತ್ತ ತಿರುಗಬೇಕಾಗುತ್ತದೆ. ಶೀರ್ಷಿಕೆಯ ಗುರುತಿಲ್ಲದ ಪುಟದಲ್ಲಿ ಸ್ಕ್ರೀನ್ ರೀಡರ್ ಬಳಸುವವರ ಪಾಡು ಅದೇ.

ಕೊಂಡಿಗಳ ವಿಷಯವೂ ಹೀಗೆಯೇ. ಪುಟದಲ್ಲಿರುವ ಕೊಂಡಿಗಳನ್ನಷ್ಟೇ ಪಟ್ಟಿ ಮಾಡಿಸಿಕೊಂಡು ಕೇಳುವ ಸೌಲಭ್ಯ ಈ ತಂತ್ರಾಂಶಗಳಲ್ಲಿದೆ. ಪುಟದ ತುಂಬ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆದಿದ್ದರೆ ಆ ಪಟ್ಟಿಯಲ್ಲಿ ಕೇಳಿಸುವುದು ‘ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ’ ಎಂಬ ಜಪ ಮಾತ್ರ. ‘ಜಮಖಂಡಿ ತಾಲ್ಲೂಕಿನ ಲಸಿಕಾ ಕೇಂದ್ರಗಳು’ ಎಂದು ಕೊಂಡಿಗೇ ಹೆಸರಿಟ್ಟರೆ ಯಾರಿಗೂ ಗೊಂದಲವಿಲ್ಲ. ಅರ್ಜಿ ನಮೂನೆಯ ಪ್ರತಿ ಖಾನೆಗೂ ಅದರ ಹೆಸರನ್ನು ಸಂಕೇತದಲ್ಲಿ ಜೋಡಿಸಿರಬೇಕು. ಇಲ್ಲವಾದರೆ ಅಲ್ಲಿ ತುಂಬಬೇಕಾದದ್ದು ತಂದೆಯ ಹೆಸರೋ ರಕ್ತದ ಗುಂಪೋ ತಿಳಿಯದೆ, ‘ಎಡಿಟ್, ಬ್ಲ್ಯಾಂಕ್’ ಎಂಬ ದನಿಯೊಂದೇ ಕೇಳುತ್ತದೆ.

ಚಿತ್ರಗಳಿಗೆ ಪರ್ಯಾಯ ಪಠ್ಯ ಬೇಕು, ಅಂದರೆ ಚಿತ್ರ ಏನು ಹೇಳುತ್ತಿದೆಯೋ ಅದನ್ನು ಹೇಳುವ ಒಂದೆರಡು ವಾಕ್ಯಗಳನ್ನು ಅದರ ಹಿಂದೆ ಬರೆದಿಡಬೇಕು. ಪಲ್ಸ್ ಪೋಲಿಯೊ ಭಿತ್ತಿಪತ್ರದ ಹಿಂದೆ ‘ಪೋಸ್ಟರ್’ ಎಂದು ಬರೆದರೆ ಪ್ರಯೋಜನವಿಲ್ಲ. ‘ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಭಾನುವಾರ ಸಮೀಪದ ಬೂತ್‌ನಲ್ಲಿ ಪೋಲಿಯೊ ಹನಿ ಹಾಕಿಸಿ’ ಎಂದು ಬರೆದರೆ ಭಿತ್ತಿಪತ್ರದ ಕೆಲಸ ಆಯಿತು. ಅಲಂಕಾರಕ್ಕೆ ಹಾಕಿದ ಬಳ್ಳಿ, ಗೆರೆ, ಹಿನ್ನೆಲೆ ಚಿತ್ರಗಳಿಗೆ ಪರ್ಯಾಯ ಪಠ್ಯವನ್ನು ಖಾಲಿ ಬಿಟ್ಟರೆ ತಂತ್ರಾಂಶ ಅವನ್ನು ದಾಟಿಹೋಗುತ್ತದೆ. (ಪುಟದ ನೆತ್ತಿಯ ಮೇಲೆ ಸಾಲುಗಟ್ಟಿ ನಿಲ್ಲುವ ಗಣ್ಯರ ಭಾವಚಿತ್ರಗಳು ಈ ಎರಡರಲ್ಲಿ ಯಾವ ಗುಂಪಿಗೆ ಸೇರುತ್ತವೆ ಎಂಬುದನ್ನು ಓದುಗರ ವಿವೇಚನೆಗೆ ಬಿಡಬಹುದು.)

ಗಡಿಭಾಗದ ಜಾಲತಾಣಗಳಿಗೆ ಇನ್ನೊಂದು ಮಾತು ಅನ್ವಯಿಸುತ್ತದೆ. ಒಂದೇ ಪುಟದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇದ್ದಾಗ ಯಾವ ಭಾಗ ಯಾವ ಭಾಷೆಯದು ಎಂದು ಸಂಕೇತದಲ್ಲಿ ನಮೂದಿಸಬೇಕು. ಮರಾಠಿಯೂ ಹಿಂದಿಯೂ ದೇವನಾಗರಿಯಲ್ಲೇ ಇರುವುದರಿಂದ, ಈ ನಮೂದು ಇಲ್ಲದಿದ್ದರೆ ಮರಾಠಿ ಸಾಲನ್ನು ತಂತ್ರಾಂಶ ಹಿಂದಿಯ ಉಚ್ಚಾರದಲ್ಲಿ ಓದಿಬಿಡಬಹುದು.

ಸ್ಕ್ಯಾನ್ ಮಾಡಿದ ಆದೇಶ, ನುಡಿಯ ಹಳೆಯ ಅಕ್ಷರ

ನಮ್ಮ ಭಾಗದ ಮಟ್ಟಿಗೆ ಹೇಳುವುದಾದರೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ದೇಶದ ಬಹಳಷ್ಟು ಜಿಲ್ಲಾಡಳಿತಗಳ ಜಾಲತಾಣಗಳು ಕೇಂದ್ರ ಸರ್ಕಾರಕ್ಕೆ ಮಾಹಿತಿ ತಂತ್ರಜ್ಞಾನದ ಕೆಲಸ ಮಾಡಿಕೊಡುವ ಎನ್‌ಐಸಿ ಸಂಸ್ಥೆ ಒದಗಿಸುವ ಸಿದ್ಧ ಚೌಕಟ್ಟಿನ ಮೇಲೆ ನಿಂತಿವೆ, ಮತ್ತು ಆ ಚೌಕಟ್ಟನ್ನು ಸುಗಮ್ಯತೆಯನ್ನು ಗಮನದಲ್ಲಿಟ್ಟೇ ರೂಪಿಸಲಾಗಿದೆ. ಚೌಕಟ್ಟು ಸರಿಯಿದ್ದರೂ ಅದರೊಳಗೆ ದಿನವೂ ಏರಿಸುವ ಕಾಗದಗಳು ಸರಿಯಿಲ್ಲದಿದ್ದರೆ ಓದುಗರಿಗೆ ಸಿಗುವುದು ಕಾಗದವೇ ಹೊರತು ಚೌಕಟ್ಟಲ್ಲ.

ಕಚೇರಿಯ ರೂಢಿಯನ್ನು ನೋಡಿ. ಪ್ರಕಟಣೆಯನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುತ್ತಾರೆ, ಮುದ್ರಿಸುತ್ತಾರೆ, ಸಾಹೇಬರ ಸಹಿ ಮತ್ತು ಮೊಹರು ಬೀಳುತ್ತದೆ, ಮತ್ತೆ ಅದನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಜಾಲತಾಣಕ್ಕೆ ಏರಿಸುತ್ತಾರೆ. ಬೆರಳಚ್ಚು ಮಾಡಿದಾಗ ಅದು ಅಕ್ಷರವಾಗಿತ್ತು. ಸ್ಕ್ಯಾನ್ ಆದ ಮೇಲೆ ಅದು ಕಾಗದದ ಫೋಟೊ. ಸ್ಕ್ರೀನ್ ರೀಡರ್ ಅದನ್ನು ತೆರೆದರೆ ಒಂದೋ ಮೌನ, ಇಲ್ಲವೇ ‘ಖಾಲಿ ದಾಖಲೆ’ ಎಂಬ ಎಚ್ಚರಿಕೆ. ಫೋಟೊದಿಂದ ಅಕ್ಷರ ಎತ್ತುವ ತಂತ್ರಾಂಶಗಳು ಕನ್ನಡಕ್ಕೂ ಇವೆ, ಆದರೆ ಓರೆಯಾಗಿ ಸ್ಕ್ಯಾನ್ ಆದ, ಮೊಹರು ಅಕ್ಷರದ ಮೇಲೆಯೇ ಬಿದ್ದ ಹಾಳೆಯಲ್ಲಿ ಅವು ದಿನಾಂಕವನ್ನೋ ದೂರವಾಣಿ ಸಂಖ್ಯೆಯನ್ನೋ ತಪ್ಪಾಗಿ ಓದಿದರೆ ಆರೋಗ್ಯ ಸೂಚನೆಯಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಬೇಕಿಲ್ಲ.

ಎರಡನೆಯ ತೊಡಕು ಅಕ್ಷರಶೈಲಿಯದು. ಯುನಿಕೋಡ್ ಎಂಬುದು ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಖಾಯಂ ಸಂಖ್ಯೆ ಕೊಡುವ ವ್ಯವಸ್ಥೆ. ಅದರಲ್ಲಿ ಬರೆದ ‘ಕ’ ಎಲ್ಲ ಯಂತ್ರಗಳಲ್ಲೂ ‘ಕ’ ಎಂದೇ ಇರುತ್ತದೆ. ಅದು ಇಲ್ಲಿ ಬಳಕೆಗೆ ಬರುವ ಮುಂಚಿನ, ‘ನುಡಿ’, ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಅಕ್ಷರಶೈಲಿಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಹಳೆಯ ನುಡಿ ಶೈಲಿಯಲ್ಲಿ ‘ಕನ್ನಡ’ ಎಂದು ಬೆರಳಚ್ಚು ಮಾಡಿದರೆ ಕಣ್ಣಿಗೆ ಕಾಣುವುದು ಕನ್ನಡ, ಆದರೆ ಕಡತದೊಳಗೆ ಇರುವುದು ಇಂಗ್ಲಿಷಿನ ‘ಪಿ’, ನೆತ್ತಿಯ ಮೇಲೆ ಗೀಟಿರುವ ‘ಎ’, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ‘ಎ’, ಹೀಗೆ. ಸ್ಕ್ರೀನ್ ರೀಡರ್ ಓದುವುದು ಈ ಎರಡನೆಯದನ್ನೇ. ಡೆಂಗಿ ಬಗೆಗಿನ ಇಡೀ ಪುಟದ ಎಚ್ಚರಿಕೆ ಅದರ ಬಾಯಲ್ಲಿ ‘ಪಿ, ಎ ಗ್ರೇವ್, ಪೌಂಡ್’ ಎಂಬ ಅರ್ಥವಿಲ್ಲದ ಸರಪಳಿಯಾಗುತ್ತದೆ. ಅಂಥ ಪುಟ ಗೂಗಲ್ ಹುಡುಕಾಟದಲ್ಲೂ ಸಿಗುವುದಿಲ್ಲ, ಆದ್ದರಿಂದ ಕಣ್ಣಿದ್ದವರಿಗೂ ಅದರಿಂದ ನಷ್ಟವೇ.

ಪರಿಹಾರ ದುಬಾರಿಯದಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ ಯುನಿಕೋಡ್ ಆಯ್ಕೆ ಇದೆ, ಬೆರಳಚ್ಚುಗಾರರು ರೂಢಿಸಿಕೊಂಡ ಅದೇ ಕೀಲಿಮಣೆಯ ವಿನ್ಯಾಸದಲ್ಲೇ ಬರೆಯಬಹುದು. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು ಮತ್ತು ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಒಳ್ಳೆಯದು. ಸಹಿ ಮಾಡಿದ ಪ್ರತಿ ಕಾನೂನಿನ ದೃಷ್ಟಿಯಿಂದ ಬೇಕೆಂದಾದರೆ ಅದೂ ಇರಲಿ, ಆದರೆ ಅದರ ಪಠ್ಯವನ್ನು ಜಾಲತಾಣದ ಪುಟದ ಮೇಲೆಯೇ ಅಕ್ಷರರೂಪದಲ್ಲಿ ಹಾಕಿ, ಸ್ಕ್ಯಾನ್ ಪ್ರತಿಯನ್ನು ಅದರ ಕೆಳಗೆ ಲಗತ್ತಿಸಬೇಕು. ಪಿಡಿಎಫ್ ಅನಿವಾರ್ಯವಾದಾಗ ವರ್ಡ್ ಕಡತವನ್ನು ‘ಪ್ರಿಂಟ್’ ಮೂಲಕ ಪಿಡಿಎಫ್ ಮಾಡಬಾರದು, ಏಕೆಂದರೆ ಶೀರ್ಷಿಕೆ ಮತ್ತು ಕೋಷ್ಟಕಗಳ ಒಳಗುರುತುಗಳು ಆಗ ಅಳಿಸಿಹೋಗುತ್ತವೆ. ‘ಸೇವ್ ಆ್ಯಸ್’ ಮೂಲಕ ಉಳಿಸಿದರೆ ಅವು ಉಳಿಯುತ್ತವೆ. ಒಬ್ಬ ಡಾಟಾ ಎಂಟ್ರಿ ಆಪರೇಟರ್ ಇಷ್ಟನ್ನು ರೂಢಿಸಿಕೊಂಡರೆ, ಹೊಸ ಜಾಲತಾಣಕ್ಕೆ ಟೆಂಡರ್ ಕರೆಯುವುದಕ್ಕಿಂತ ಹೆಚ್ಚಿನ ಫಲ ಸಿಗುತ್ತದೆ ಎಂದು ಧಾರಾಳವಾಗಿ ಹೇಳಬಹುದು.

ಬಣ್ಣ ಮತ್ತು ಒತ್ತಕ್ಷರ

ಮಂದದೃಷ್ಟಿಯವರಲ್ಲಿ ಹಲವರು ಸ್ಕ್ರೀನ್ ರೀಡರ್ ಬಳಸದೆ ಅಕ್ಷರವನ್ನು ಹಿಗ್ಗಿಸಿಕೊಂಡು ಓದುತ್ತಾರೆ. ಜಾಲತಾಣಗಳ ಸುಗಮ್ಯತೆಗೆ ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ರೂಪಿಸಿರುವ ಡಬ್ಲ್ಯುಸಿಎಜಿ ಎಂಬ ಮಾನದಂಡದ ಪ್ರಕಾರ, ಅಕ್ಷರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿದರೂ ಯಾವ ಭಾಗವೂ ಮರೆಯಾಗಬಾರದು. ಇಂಗ್ಲಿಷಿಗಾಗಿ ಅಳೆದು ಮಾಡಿದ ಚೌಕಗಳಲ್ಲಿ ಕನ್ನಡ ತುಂಬಿದಾಗ ಮೊದಲು ಕತ್ತರಿಸಿಹೋಗುವುದು ಕೆಳಗೆ ಇಳಿಯುವ ಒತ್ತಕ್ಷರಗಳು. ‘ಆಸ್ಪತ್ರೆ’ ಎಂಬಲ್ಲಿ ಪ-ಒತ್ತು, ರ-ಒತ್ತು ಎರಡೂ ಗೆರೆಯ ಕೆಳಗೆ ಹೋಗಿ ಮಾಯವಾದರೆ ಉಳಿಯುವುದು ‘ಆಸತೆ’. ಸಾಲಿನ ಎತ್ತರವನ್ನು ಬಿಗಿಯಾಗಿ ಕಟ್ಟದೆ ಬಿಟ್ಟರೆ ಈ ತೊಂದರೆ ಇರುವುದಿಲ್ಲ.

ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರಷ್ಟಿರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು ಎಂದು ಅದೇ ಮಾನದಂಡ ಹೇಳುತ್ತದೆ. ಬಿಳಿಯ ಮೇಲೆ ತಿಳಿಬೂದು, ಹಳದಿಯ ಮೇಲೆ ಬಿಳಿ ಈ ಲೆಕ್ಕದಲ್ಲಿ ಸೋಲುತ್ತವೆ. ಇನ್ನು ಬಣ್ಣವೊಂದರಿಂದಲೇ ಅರ್ಥ ಹೇಳಲು ಹೋಗಬಾರದು. 2020ರಲ್ಲಿ ಕೋವಿಡ್ ಕಾಲದಲ್ಲಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ವಲಯಗಳೆಂದು ವಿಂಗಡಿಸಿದ್ದು ನೆನಪಿರಬಹುದು. ಕೆಂಪು–ಹಸಿರಿನ ವ್ಯತ್ಯಾಸ ಕಾಣದ ಬಣ್ಣಗುರುಡಿನವರಿಗೆ, ಬರೀ ಬಣ್ಣ ಬಳಿದ ನಕ್ಷೆಯಲ್ಲಿ ಬಾಗಲಕೋಟೆ ಯಾವ ವಲಯದಲ್ಲಿದೆ ಎಂಬುದು ತಿಳಿಯುವುದಿಲ್ಲ. ನಕ್ಷೆಯ ಮೇಲೆ ವಲಯದ ಹೆಸರನ್ನೂ ಬರೆದು, ಕೆಳಗೆ ಜಿಲ್ಲೆಗಳ ಪಟ್ಟಿ ಕೊಟ್ಟರೆ ಸಾಕು.

ಮೌಸ್ ಹಿಡಿಯಲಾಗದ ಕೈ

ಪಾರ್ಕಿನ್ಸನ್, ಮೆದುಳಿನ ಪಾರ್ಶ್ವವಾಯು, ಬೆರಳುಗಳ ನಷ್ಟ ಇರುವವರಲ್ಲಿ ಹಲವರು ಮೌಸ್ ಬಳಸಲಾರರು. ಅವರಿಗಾಗಿ ಪುಟದ ಎಲ್ಲ ಕೆಲಸಗಳೂ ಕೀಲಿಮಣೆಯ ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೇ ಆಗುವಂತಿರಬೇಕು, ಈಗ ಯಾವ ಗುಂಡಿಯ ಮೇಲೆ ಇದ್ದೇವೆ ಎಂಬುದು ಕಣ್ಣಿಗೆ ಎದ್ದು ಕಾಣಬೇಕು, ಮತ್ತು ಫೋನಿನಲ್ಲಿ ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿರಬಾರದು. ಒಟಿಪಿಗೆ ಕೊಡುವ ಸಮಯ ಮುಗಿಯುವ ಮುನ್ನ ಅದನ್ನು ಹೆಚ್ಚಿಸಿಕೊಳ್ಳುವ ಅವಕಾಶವೂ ಬೇಕು.

ಕ್ಯಾಪ್ಚಾ ಎಂದರೆ, ಅರ್ಜಿ ತುಂಬುತ್ತಿರುವುದು ಮನುಷ್ಯರೋ ಯಂತ್ರವೋ ಎಂದು ಪರೀಕ್ಷಿಸಲು ತೋರಿಸುವ ಸೊಟ್ಟ ಅಕ್ಷರಗಳ ಚಿತ್ರ. ಕಣ್ಣು ಕಾಣದ ಮನುಷ್ಯರನ್ನು ಅದು ಯಂತ್ರವೆಂದೇ ತೀರ್ಮಾನಿಸಿಬಿಡುತ್ತದೆ. 2021ರ ಮೇ 31ರಂದು ಕೋವಿಡ್ ಲಸಿಕೆಗೆ ಸಂಬಂಧಿಸಿದ ಆದೇಶದಲ್ಲಿ ಸುಪ್ರೀಂ ಕೋರ್ಟ್, ಕೋವಿನ್ ತಾಣದಲ್ಲಿ ದನಿಯ ಕ್ಯಾಪ್ಚಾ ಇಲ್ಲದಿರುವುದನ್ನು ಎತ್ತಿ ತೋರಿಸಿ, ವಿಕಲಚೇತನರಿಗೆ ಆ ತಾಣ ಬಳಕೆಗೆ ಬರುತ್ತದೆಯೇ ಎಂದು ತಪಾಸಣೆ ಮಾಡಿಸಲು ಸೂಚಿಸಿತ್ತು. ಇಡೀ ದೇಶ ಒಂದೇ ಬಾಗಿಲ ಮುಂದೆ ಸರದಿ ನಿಂತಿದ್ದ ದಿನಗಳವು.

ಕೇಳಿಸದವರು, ಓದಿ ಅರ್ಥಮಾಡಿಕೊಳ್ಳಲು ಕಷ್ಟಪಡುವವರು

ಕಿವುಡರಿಗೆ ಜಾಗೃತಿ ವಿಡಿಯೊಗಳಲ್ಲಿ ಕನ್ನಡದ ಅಡಿಬರಹ ಬೇಕು, ಸಾಧ್ಯವಾದಲ್ಲಿ ಸಂಜ್ಞೆ ಭಾಷೆಯ ಅನುವಾದವೂ ಬೇಕು. ಯಂತ್ರ ತಾನಾಗಿ ಬರೆದ ಅಡಿಬರಹವನ್ನು ತಿದ್ದದೆ ಬಿಟ್ಟರೆ ಔಷಧದ ಹೆಸರು, ಪ್ರಮಾಣ ತಪ್ಪಬಹುದು. ‘ಹೆಚ್ಚಿನ ಮಾಹಿತಿಗೆ 104ಕ್ಕೆ ಕರೆ ಮಾಡಿ’ ಎಂಬ ಸಾಲು ಅವರಿಗೆ ಮುಚ್ಚಿದ ಬಾಗಿಲು, ಆದ್ದರಿಂದ ಬರೆದು ಕೇಳಬಹುದಾದ ಇಮೇಲ್ ಅಥವಾ ಸಂದೇಶದ ಸಂಖ್ಯೆಯೊಂದು ಜೊತೆಗಿರಬೇಕು.

ಬೌದ್ಧಿಕ ಅಸಾಮರ್ಥ್ಯ, ಕಲಿಕೆಯ ತೊಂದರೆ ಇರುವವರಿಗೆ ಕಚೇರಿಯ ಕನ್ನಡವೇ ಅಡ್ಡಿ. ‘ಸದರಿ ಶಿಬಿರದಲ್ಲಿ ಪಾಲ್ಗೊಳ್ಳಲಿಚ್ಛಿಸುವ ಫಲಾನುಭವಿಗಳು ಅಗತ್ಯ ದಾಖಲಾತಿಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು’ ಎಂಬುದರ ಬದಲು ‘ಶಿಬಿರಕ್ಕೆ ಬರುವಾಗ ಆಧಾರ್ ಕಾರ್ಡ್ ಮತ್ತು ಎರಡು ಫೋಟೊ ತನ್ನಿ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಮೂಲೆಯಲ್ಲಿ ಕೂರಿಸುವ ಗಾಲಿಕುರ್ಚಿಯ ಚಿಹ್ನೆ

ಕೆಲವು ಜಾಲತಾಣಗಳ ಮೂಲೆಯಲ್ಲಿ ಗಾಲಿಕುರ್ಚಿಯ ಚಿಹ್ನೆಯೊಂದು ಇರುತ್ತದೆ. ಅದನ್ನು ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ಇದರಿಂದ ತೊಂದರೆಯೇನೂ ಇಲ್ಲ, ಆದರೆ ಇದನ್ನು ಹಾಕಿದ ಮಾತ್ರಕ್ಕೆ ಜಾಲತಾಣ ಸುಗಮ್ಯವಾಯಿತು ಎಂಬುದು ನಿಜವಲ್ಲ. ಅಕ್ಷರ ಹಿಗ್ಗಿಸುವ ಸೌಲಭ್ಯ ಫೋನಿನಲ್ಲೇ ಇದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನು ಈ ಚಿಹ್ನೆ ಅಕ್ಷರವಾಗಿಸಲಾರದು. ಇಂಥ ಉಪಕರಣವೊಂದು ಯಾವುದೇ ಜಾಲತಾಣವನ್ನು ಮಾನದಂಡಕ್ಕೆ ತಕ್ಕಂತೆ ಮಾಡಿಬಿಡುತ್ತದೆ ಎಂದು ಪ್ರಚಾರ ಮಾಡಿದ ಕಂಪನಿಯೊಂದು 10 ಲಕ್ಷ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು. ವಿಕಲಚೇತನರಿಗೆಂದೇ ಬೇರೆ ಜಾಲತಾಣ ಮಾಡುವುದೂ ಸರಿಯಾದ ದಾರಿಯಲ್ಲ, ಏಕೆಂದರೆ ಕಾಲಕ್ರಮದಲ್ಲಿ ಮುಖ್ಯ ತಾಣದಲ್ಲಿ ಹೊಸ ಸೂಚನೆ ಬಂದರೂ ಪಕ್ಕದ ತಾಣದಲ್ಲಿ ಹಳೆಯದೇ ಉಳಿದುಬಿಡುತ್ತದೆ.

ಕಾಯ್ದೆಯಲ್ಲಿ ಏನಿದೆ

2016ರ ಕಾಯ್ದೆಯ 42ನೇ ಕಲಮು, ಧ್ವನಿ, ಮುದ್ರಣ ಮತ್ತು ವಿದ್ಯುನ್ಮಾನ ಮಾಧ್ಯಮಗಳ ಮಾಹಿತಿಯೆಲ್ಲ ವಿಕಲಚೇತನರಿಗೆ ಸಿಗುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು ಹೇಳುತ್ತದೆ. ಕಾಯ್ದೆಯನ್ನು ಉಲ್ಲಂಘಿಸಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಆಮೇಲೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. ಸರ್ಕಾರಿ ಜಾಲತಾಣಗಳಿಗೆ ಜಿಐಜಿಡಬ್ಲ್ಯು ಎಂಬ ಮಾರ್ಗಸೂಚಿ 2009ರಿಂದ ಇದ್ದು, ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂದಿದೆ. ಭಾರತೀಯ ಮಾನಕ ಬ್ಯೂರೊದ ಐಎಸ್ 17802 ಎಂಬ ಸುಗಮ್ಯತೆಯ ಮಾನದಂಡವೂ ಇದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಸುಗಮ್ಯತೆಯ ನಿಯಮಗಳು ಬರೀ ಸಲಹೆಯ ಧಾಟಿಯಲ್ಲಿರುವುದು ಕಾಯ್ದೆಯ ಆಶಯಕ್ಕೆ ವಿರುದ್ಧ ಎಂದು ಕಾಯ್ದೆಯಡಿಯ ನಿಯಮಾವಳಿಯ 15(1)ನೇ ನಿಯಮವನ್ನು ಅಸಿಂಧುಗೊಳಿಸಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಲು ಕೇಂದ್ರಕ್ಕೆ ಸೂಚಿಸಿತು.

ಪರೀಕ್ಷಿಸುವುದು, ದೂರು ಕೊಡುವುದು

ಜಾಲತಾಣವನ್ನು ಪರೀಕ್ಷಿಸಲು ಪರಿಣತರೇ ಬೇಕೆಂದಿಲ್ಲ. ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿಯಿಂದಲೇ ಅರ್ಜಿಯನ್ನು ಕೊನೆಯವರೆಗೆ ತುಂಬಲಾಗುತ್ತದೆಯೇ ನೋಡಬಹುದು. ಪಿಡಿಎಫ್‌ನ ಒಂದು ಸಾಲನ್ನು ಆಯ್ದು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದಾಗ ಕನ್ನಡವೇ ಬಂದರೆ ಅಕ್ಷರ ಸರಿಯಿದೆ, ವಿಚಿತ್ರ ಚಿಹ್ನೆಗಳು ಬಂದರೆ ಹಳೆಯ ಶೈಲಿ, ಆಯ್ದುಕೊಳ್ಳಲೇ ಆಗದಿದ್ದರೆ ಅದು ಫೋಟೊ. ವೇವ್, ಲೈಟ್‌ಹೌಸ್‌ನಂಥ ಉಚಿತ ತಪಾಸಣಾ ಉಪಕರಣಗಳು ಕೆಲವು ತಪ್ಪುಗಳನ್ನು ಹಿಡಿಯುತ್ತವೆ. ಆದರೆ ಚಿತ್ರದ ಹಿಂದೆ ಪರ್ಯಾಯ ಪಠ್ಯ ಇದೆಯೇ ಎಂಬುದನ್ನು ಅವು ಹೇಳಬಲ್ಲವೇ ಹೊರತು ಆ ಪಠ್ಯಕ್ಕೆ ಅರ್ಥವಿದೆಯೇ ಎಂಬುದನ್ನಲ್ಲ. ಅದಕ್ಕೆ ಸ್ಕ್ರೀನ್ ರೀಡರ್ ದಿನನಿತ್ಯ ಬಳಸುವವರನ್ನೇ ಕೂರಿಸಿ ಕೇಳಬೇಕು, ಮತ್ತು ಅವರ ಸಮಯಕ್ಕೆ ಸಂಭಾವನೆ ಕೊಡಬೇಕು.

ತೊಂದರೆ ಎದುರಾದವರು ಮೊದಲು ಜಾಲತಾಣದ ಅಭಿಪ್ರಾಯ ವಿಭಾಗಕ್ಕೆ ಅಥವಾ ಸಂಬಂಧಪಟ್ಟ ಕಚೇರಿಗೆ ಬರೆಯಬಹುದು, ಅಲ್ಲಿ ಕೆಲಸವಾಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಬಹುದು. ಕಾಯ್ದೆಯು ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸಿಕೊಳ್ಳುವ ಸಿವಿಲ್ ನ್ಯಾಯಾಲಯದ ಅಧಿಕಾರ ಕೊಟ್ಟಿದೆ. ‘ಜಾಲತಾಣ ಸರಿಯಿಲ್ಲ’ ಎಂದಷ್ಟೇ ಬರೆದರೆ ಕಡತ ಮುಂದೆ ಹೋಗುವುದಿಲ್ಲ. ಪುಟದ ವಿಳಾಸ, ದಿನಾಂಕ, ಬಳಸಿದ ಫೋನ್ ಮತ್ತು ಸ್ಕ್ರೀನ್ ರೀಡರ್‌ನ ಹೆಸರು, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಅದರಿಂದ ಯಾವ ಸೇವೆ ತಪ್ಪಿತು ಎಂಬುದನ್ನು ಬರೆದು, ಸಾಧ್ಯವಾದರೆ ಪರದೆಯ ದನಿಮುದ್ರಣವನ್ನೂ ಲಗತ್ತಿಸಬೇಕು.